ಟವರಿನ ಡೇಟಾ, ಮನೆಯ ವೈಫೈ

ಸ್ಮಾರ್ಟ್‌ಫೋನಿಗೆ ಇಂಟರ್ನೆಟ್ ಮೊಬೈಲ್ ಟವರಿನಿಂದ ಬರುತ್ತದೆ, ಇಲ್ಲವೇ ವೈಫೈ ರೌಟರಿನಿಂದ. ಎರಡೂ ರೇಡಿಯೊ ಅಲೆಗಳೇ. ಆದರೆ ವೈಫೈ ಅಲೆ ಸಾಗುವುದು ಒಂದು ಮನೆಯಷ್ಟು ದೂರ. ಮುಂದಿನ ಹಾದಿಯೆಲ್ಲ ಫೈಬರಿನದು. ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳಿಗೆ ಮನೆಯವರು ಯಾರ ಲೈಸೆನ್ಸನ್ನೂ ಪಡೆಯಬೇಕಿಲ್ಲ. ಟವರಿನ ತರಂಗಗಳನ್ನಾದರೋ ಕಂಪನಿಗಳು ಸರ್ಕಾರದ ಹರಾಜಿನಲ್ಲಿ ಸಾವಿರಾರು ಕೋಟಿ ತೆತ್ತು ಪಡೆಯುತ್ತವೆ. ಹಾಗೆ ಸಿಕ್ಕ ಸಾಮರ್ಥ್ಯವನ್ನು ಆ ಟವರಿನ ಸುತ್ತ ಇರುವ ಫೋನುಗಳೆಲ್ಲ ಹಂಚಿಕೊಳ್ಳಬೇಕು. ಸಂತೆಯ ದಿನ ಪೇಟೆಬೀದಿಯಲ್ಲಿ ನೆಟ್ ನಿಧಾನವಾಗುವುದು ಇದೇ ಕಾರಣಕ್ಕೆ.

ಮೊಬೈಲ್ ಡೇಟಾಕ್ಕೆ ಮಿತಿ ಬಂದದ್ದೂ ಈ ಇಕ್ಕಟ್ಟಿನಿಂದಲೇ. ಅದು ಎದ್ದು ಕಂಡದ್ದು ಅಮೆರಿಕದಲ್ಲಿ. 2007ರಲ್ಲಿ ಐಫೋನ್ ಬಂದಾಗ ಅಲ್ಲಿ ಅದನ್ನು ಮಾರುತ್ತಿದ್ದ ಎಟಿ ಅಂಡ್ ಟಿ ಕಂಪನಿ ಮಿತಿಯಿಲ್ಲದ ಡೇಟಾ ಕೊಟ್ಟಿತ್ತು. ಜನ ವಿಡಿಯೊ ನೋಡತೊಡಗಿದ ಮೇಲೆ ಜಾಲ ತಡೆದುಕೊಳ್ಳಲಿಲ್ಲ. 2010ರ ಜೂನ್‌ನಲ್ಲಿ ಹೊಸ ಗ್ರಾಹಕರಿಗೆ ಆ ಸೌಲಭ್ಯ ನಿಂತು, 15 ಡಾಲರಿಗೆ 200 ಎಂಬಿ, 25 ಡಾಲರಿಗೆ 2 ಜಿಬಿ ಎಂಬ ಪ್ಯಾಕ್‌ಗಳು ಬಂದವು. ಅದೇ ವರ್ಷ ಬಂದ ಫೇಸ್‌ಟೈಮ್ ವಿಡಿಯೊ ಕರೆ ವೈಫೈನಲ್ಲಿ ಮಾತ್ರ ನಡೆಯುತ್ತಿತ್ತು. 2012ರಲ್ಲಿ ಆಪಲ್ ಅದನ್ನು ಮೊಬೈಲ್ ಜಾಲಕ್ಕೂ ತೆರೆದಾಗ, ಎಟಿ ಅಂಡ್ ಟಿ ಮೊದಲು ಕೆಲವು ಪ್ಯಾಕ್‌ಗಳವರಿಗಷ್ಟೇ ಬಿಟ್ಟುಕೊಟ್ಟಿತು. ಎಷ್ಟು ಡೇಟಾ ಎನ್ನುವುದರ ಜೊತೆಗೆ, ಹಣ ಕೊಟ್ಟು ಕೊಂಡ ಡೇಟಾವನ್ನು ಯಾವುದಕ್ಕೆ ಬಳಸಬಹುದು ಎಂಬುದನ್ನೂ ಕಂಪನಿಯೇ ನಿರ್ಧರಿಸಹೊರಟಿತ್ತು. ಗ್ರಾಹಕರ ಹಕ್ಕಿನ ಪರ ಇದ್ದವರು ಇದನ್ನು ಬಲವಾಗಿ ವಿರೋಧಿಸಿದ್ದು ನ್ಯಾಯವೇ ಆಗಿತ್ತು. ಮುಂದಿನ ವರ್ಷದೊಳಗೆ ಆ ನಿರ್ಬಂಧ ಸಡಿಲಾಯಿತು.

ಡೇಟಾ ಗೋದಾಮಿನಲ್ಲಿ ಕೂಡಿಟ್ಟ ಸರಕಲ್ಲ. ಒಬ್ಬರು ಬಳಸಿದ್ದರಿಂದ ನಾಳೆಗೆ ಕಡಿಮೆಯಾಗುವುದಿಲ್ಲ, ಬಳಸದಿದ್ದರೆ ಉಳಿಯುವುದೂ ಇಲ್ಲ. ಜಾಲಕ್ಕೆ ಭಾರವಾಗುವುದು ಎಲ್ಲರೂ ಒಟ್ಟಿಗೆ ಫೋನ್ ಹಿಡಿಯುವ ಸಂಜೆಯ ಹೊತ್ತು. ನಡುರಾತ್ರಿ ಇಳಿಸಿಕೊಂಡ ಸಿನಿಮಾದಿಂದ ಅದಕ್ಕೆ ಹೆಚ್ಚೇನೂ ಹೊರೆಯಿಲ್ಲ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಬಳಸಿದ್ದನ್ನು ಲೆಕ್ಕಕ್ಕೆ ಹಿಡಿಯದ ಪ್ಯಾಕನ್ನು ಭಾರತದ ಮೊಬೈಲ್ ಕಂಪನಿ ವಿಐ 2021ರಲ್ಲಿ ತಂದದ್ದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಹೊತ್ತನ್ನೇ ನೋಡದೆ ಜಿಬಿ ಮಾತ್ರ ಎಣಿಸುವ ಮಿತಿ ದಟ್ಟಣೆಗೆ ಮೊಂಡು ಮದ್ದು. ಹೆಚ್ಚು ಬೆಲೆಯ ಪ್ಯಾಕ್ ಮಾರಲು ಮಾತ್ರ ಅದು ಅನುಕೂಲವಾಗಿದೆ.

ಭಾರತದಲ್ಲಿ 2016ಕ್ಕೆ ಮುಂಚೆ ಒಂದು ಜಿಬಿಗೆ ಸುಮಾರು 250 ರೂಪಾಯಿ ಆಗುತ್ತಿತ್ತು, ಅದನ್ನೇ ತಿಂಗಳಿಡೀ ಹಿಡಿದು ಬಳಸಬೇಕಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಬೆಲೆ ಕುಸಿಯಿತು, ‘ದಿನಕ್ಕೆ ಇಷ್ಟು ಜಿಬಿ’ ಎಂಬ ಲೆಕ್ಕ ರೂಢಿಯಾಯಿತು. ದಿನಕ್ಕೆ ಒಂದೂವರೆ ಜಿಬಿ ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಸಂಪರ್ಕ ಕಡಿಯದಿದ್ದರೂ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೊಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 5 ಎಂಬಿಯ ಒಂದು ಫೋಟೊ ಬರಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಆನ್‌ಲೈನ್ ಪಾಠ ಕೇಳುತ್ತಿರುವ ವಿದ್ಯಾರ್ಥಿಗೆ ಇದು ಸಂಪರ್ಕ ಇಲ್ಲದಂತೆಯೇ. ಇಂಥ ಪ್ಯಾಕಿನ ಮೇಲೆ ‘ಅನ್‌ಲಿಮಿಟೆಡ್’ ಎಂದು ಬರೆಯುವುದು ಸರಿಯಲ್ಲ. 5ಜಿ ಬಂದ ಹೊಸದರಲ್ಲಿ ಮಿತಿ ಬಹುಮಟ್ಟಿಗೆ ಮರೆಯಾಗಿತ್ತು. 2024ರ ಜುಲೈಯಿಂದ ಜಿಯೊ ಮತ್ತು ಏರ್‌ಟೆಲ್ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಯಾಕ್‌ಗಳಿಗೆ ಸೀಮಿತಗೊಳಿಸಿದವು.

ಮನೆಯ ಬ್ರಾಡ್‌ಬ್ಯಾಂಡಿಗೂ ಮಿತಿ ಇಲ್ಲದಿಲ್ಲ. ಹಲವು ಫೈಬರ್ ಯೋಜನೆಗಳಲ್ಲಿ ಅದು ತಿಂಗಳಿಗೆ 3,300 ಜಿಬಿ. ಸಾಮಾನ್ಯ ಕುಟುಂಬ ಅಲ್ಲಿಗೆ ಮುಟ್ಟುವುದೇ ಅಪರೂಪ. ಹೀಗಾಗಿ ವೈಫೈ ಸಿಕ್ಕಲ್ಲೆಲ್ಲ ಫೋನ್ ಅದನ್ನೇ ಆರಿಸಿಕೊಳ್ಳುತ್ತದೆ, ಆ್ಯಪ್ ಅಪ್‌ಡೇಟ್‌ಗಳನ್ನು ಅಲ್ಲಿಯವರೆಗೆ ಕಾಯಿಸುತ್ತದೆ. ಸಿಗ್ನಲ್ ಸೊರಗಿದಾಗ ಮಾತ್ರ ಎಚ್ಚರ ಬೇಕು. ಐಫೋನಿನ ವೈಫೈ ಅಸಿಸ್ಟ್, ಹಲವು ಆಂಡ್ರಾಯ್ಡ್ ಫೋನುಗಳ ಇಂಥದೇ ಸೌಲಭ್ಯ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳುತ್ತವೆ. ರೌಟರಿನಿಂದ ದೂರದ ಕೋಣೆಯಲ್ಲಿ ಕೂತು ಸಿನಿಮಾ ನೋಡುವವರ ದಿನದ ಡೇಟಾ ಹೀಗೆಯೇ ಖಾಲಿಯಾಗುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವನ್ನು ಆಫ್ ಮಾಡಿಡಬಹುದು. ಹಾಟ್‌ಸ್ಪಾಟ್‌ನದು ಇದಕ್ಕೆ ತಿರುಗುಮುರುಗು. ಫೋನಿನ ಡೇಟಾವನ್ನು ಲ್ಯಾಪ್‌ಟಾಪ್ ವೈಫೈ ಎಂದೇ ಎಣಿಸಿ ದೊಡ್ಡ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳತೊಡಗಬಹುದು. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿಟ್ಟರೆ ಅವುಗಳಲ್ಲಿ ಹೆಚ್ಚಿನವು ನಿಲ್ಲುತ್ತವೆ.