ನಿಮಗಿದು ಗೊತ್ತೆ? ಗಡ್ಡೆಯೇ ರಕ್ತನಾಳ ಕರೆಸಿಕೊಳ್ಳುತ್ತದೆ!

ರಕ್ತನಾಳಗಳ ನೆರವಿಲ್ಲದೆ ಕ್ಯಾನ್ಸರ್ ಗಡ್ಡೆ ಬೆಳೆಯುವುದು ಹೆಚ್ಚೆಂದರೆ 1ರಿಂದ 2 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು. ಅದರಾಚೆ ಬೆಳೆಯಲು ಅದಕ್ಕೆ ತನ್ನದೇ ರಕ್ತ ಪೂರೈಕೆ ಬೇಕು.

ಆಮ್ಲಜನಕ ಸಾಲದಾದಾಗ ಗಡ್ಡೆಯ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದು ಹತ್ತಿರದ ರಕ್ತನಾಳದ ಒಳಪದರವನ್ನು ತಲುಪಿದಾಗ ಅಲ್ಲಿನ ಕೋಶಗಳು ವಿಭಜನೆಗೊಂಡು, ಗಡ್ಡೆಯತ್ತ ಹೊಸ ನಾಳಗಳು ಕವಲೊಡೆಯುತ್ತವೆ. ಗರ್ಭದಲ್ಲಿ ಶಿಶು ಬೆಳೆಯುವಾಗ, ಗಾಯ ಮಾಯುವಾಗ ನೆರವಾಗುವುದೂ ಇದೇ ಪ್ರೋಟೀನ್! ಆದರೆ ಗಾಯ ಮಾಗಿದ ಮೇಲೆ ಅದರ ಸ್ರವಿಕೆ ತಗ್ಗುತ್ತದೆ, ಗಡ್ಡೆಯಲ್ಲಿ ತಗ್ಗುವುದಿಲ್ಲ. ಹಾಗಾಗಿಯೇ ಗಡ್ಡೆಯ ನಾಳಗಳು ಅಂಕುಡೊಂಕು, ಸೋರುವಂಥವು. ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಲು ಇವು ದಾರಿಯೂ ಹೌದು.

ಗಡ್ಡೆಗೆ ರಕ್ತನಾಳ ಸಿಗದಂತೆ ತಡೆಯಬಹುದು ಎಂದು 1971ರಲ್ಲೇ ಹೇಳಿದವರು ಅಮೆರಿಕದ ಬಾಸ್ಟನ್‌ನ ಶಸ್ತ್ರವೈದ್ಯ ಜುಡಾ ಫೋಕ್‌ಮನ್. ಅವರ ತಂಡ ಮೊಲದ ಕಣ್ಣಿನೊಳಗಿನ ದ್ರವದಲ್ಲಿ ತೇಲಿಬಿಟ್ಟ ಗಡ್ಡೆ ಪುಟ್ಟದಾಗಿಯೇ ಉಳಿಯಿತು. ರಕ್ತನಾಳಗಳಿರುವ ಐರಿಸ್ (ಕಣ್ಣಿನ ಬಣ್ಣದ ಭಾಗ) ಪಕ್ಕದಲ್ಲಿಟ್ಟ ಗಡ್ಡೆ ಭರದಿಂದ ಬೆಳೆಯಿತು. ಇಷ್ಟು ಸ್ಪಷ್ಟ ಸಾಕ್ಷಿಯಿದ್ದರೂ ಬಹುಕಾಲ ಹಲವು ವಿಜ್ಞಾನಿಗಳು ಅವರನ್ನು ನಂಬಲಿಲ್ಲ. ಫೋಕ್‌ಮನ್ ಪಟ್ಟು ಬಿಡಲಿಲ್ಲ, ಅದು ನಮ್ಮೆಲ್ಲರ ಪುಣ್ಯ.

1989ರಲ್ಲಿ ವಿಜ್ಞಾನಿ ನೆಪೋಲಿಯೋನ್ ಫೆರಾರಾ ಅವರ ತಂಡ ವಿಇಜಿಎಫ್ ಅನ್ನು ಬೇರ್ಪಡಿಸಿ ಗುರುತಿಸಿತು. ಅದನ್ನು ತಡೆಯುವ ಬೆವಾಸಿಝುಮ್ಯಾಬ್ ಔಷಧಿಗೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದವರಿಗೆ ಇದನ್ನು ಕಿಮೋಥೆರಪಿ ಜೊತೆ ಕೊಡುತ್ತಾರೆ. ಒಂಟಿಯಾಗಿ ಇದು ಕ್ಯಾನ್ಸರ್ ಗುಣಪಡಿಸುವ ಮದ್ದಲ್ಲ.

ಮಧುಮೇಹದಿಂದ ಅಕ್ಷಿಪಟಲ ಹಾನಿಗೊಂಡವರ ಕಣ್ಣಿಗೂ ವಿಇಜಿಎಫ್ ತಡೆಯುವ ಇದೇ ಔಷಧಿಯನ್ನು ಭಾರತದ ವೈದ್ಯರು ಚುಚ್ಚುಮದ್ದಾಗಿ ಬಳಸುತ್ತಾರೆ.