ಕುರ್ಚಿ ಬಿಡದ ಕ್ಯಾಪ್ಟನ್, ಪದಕ ಹೇಳದ ಜಗಳ

ಮಹಾವೀರ ಚಕ್ರದಲ್ಲಿ ಆಡಂಬರವಿಲ್ಲ. ದುಂಡನೆಯ ಬೆಳ್ಳಿ ಬಿಲ್ಲೆ, ಅದರ ಮೇಲೆ ಐದು ಮೊನೆಯ ನಕ್ಷತ್ರ, ನಡುವೆ ರಾಷ್ಟ್ರಲಾಂಛನ, ಅರ್ಧ ಬಿಳಿ ಅರ್ಧ ಕೇಸರಿಯ ಪಟ್ಟಿ. 1950ರ ಗಣರಾಜ್ಯೋತ್ಸವದಂದು ಇದು ಹುಟ್ಟಿತು. ಈ ಶೌರ್ಯ ಪದಕಕ್ಕೆ ಶಿಫಾರಸು ಬರೆಯಬೇಕು, ಅದಕ್ಕೆ ಕಂಡವರ ಸಾಕ್ಷಿ ಬೇಕು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ವಿಷಯದಲ್ಲಿ ಹಡಗು, ಹಡಗಿನ ಕಾಗದಪತ್ರ, ಬಹುಪಾಲು ಸಿಬ್ಬಂದಿ ಎಲ್ಲವೂ ಸಮುದ್ರದ ತಳ ಸೇರಿದ್ದವು. ಉಳಿದದ್ದು ನೀರಿನಿಂದ ಎತ್ತಿದ 67 ಜನರ ಮಾತು.

1971ರ ಡಿಸೆಂಬರ್, ಪಾಕಿಸ್ತಾನದೊಡನೆ ಯುದ್ಧ. ಅದರ ಮೊದಲ ದಿನಗಳು ನೌಕಾಪಡೆಗೆ ಹಬ್ಬದಂತಿದ್ದವು. ಕ್ಷಿಪಣಿ ದೋಣಿಗಳು ಕರಾಚಿಗೆ ಎರಡು ಬಾರಿ ಬೆಂಕಿ ಇಟ್ಟು ಬಂದಿದ್ದವು. ಆ ಜಾತಿಯ ದೋಣಿಯೊಂದನ್ನು ನಮ್ಮವರು ಕಾರವಾರದ ಟ್ಯಾಗೋರ್ ಕಡಲತೀರದಲ್ಲೇ ಹತ್ತಿ ನೋಡಬಹುದು, ಹೆಸರು ಚಪಲ್. ಆದರೆ ದಿಯು ಬಳಿ ಪಾಕಿಸ್ತಾನದ ಸಬ್‌ಮರೀನೊಂದು ಸುಳಿದಾಡುತ್ತಿರುವ ಸುಳಿವೂ ಸಿಕ್ಕಿತ್ತು. ಅದನ್ನು ಬೇಟೆಯಾಡಲು ಹೋದವು ಮುಲ್ಲಾ ಅವರ ಹಡಗು ಖುಕ್ರಿ ಮತ್ತು ಅದರ ಜೊತೆಗಾರ ಕೃಪಾಣ್. ಎರಡೂ ಬ್ರಿಟನ್ನಿನಲ್ಲಿ ಕಟ್ಟಿದ, ವಯಸ್ಸಾದ ಫ್ರಿಗೇಟುಗಳು. ಎದುರಾಳಿ ಹಂಗೋರ್ ಫ್ರಾನ್ಸಿನ ಹೊಸ ಮಾಲು. ನೀರಿನೊಳಗಿನ ಸದ್ದು ಹಿಡಿಯುವ ನಮ್ಮ ಹಡಗಿನ ಸೋನಾರ್‌ಗೆ ಅದು ಕೇಳಿಸುವ ಮೊದಲೇ ನಮ್ಮ ಸದ್ದು ಅದಕ್ಕೆ ಕೇಳಿಸುತ್ತಿತ್ತು. ಬೇಟೆಗಾರ ಯಾರು, ಬೇಟೆ ಯಾವುದು ಎಂಬುದು ಹೊರಡುವಾಗಲೇ ತಿರುವುಮುರುವಾಗಿತ್ತು ಅನ್ನಬೇಕು.

ಜಗಳ ಇರುವುದು ಇಲ್ಲಿ. ಸೋನಾರ್‌ನ ಕಿವಿ ಚುರುಕು ಮಾಡುವ ಹೊಸ ಸಲಕರಣೆಯೊಂದನ್ನು ಖುಕ್ರಿಗೆ ಜೋಡಿಸಿ, ಯುದ್ಧದ ನಡುವೆಯೇ ಪರೀಕ್ಷೆ ನಡೆಸಲಾಗುತ್ತಿತ್ತು. ಅದಕ್ಕಾಗಿ ಹಡಗು ನಿಧಾನವಾಗಿ ಸಾಗಬೇಕಿತ್ತು. ಸಬ್‌ಮರೀನ್ ಇರುವ ನೀರಿನಲ್ಲಿ ನಿಧಾನವೆಂದರೆ ಮೃತ್ಯುವಿಗೆ ವಿಳಾಸ ಬರೆದುಕೊಟ್ಟಂತೆ. ಸಬ್‌ಮರೀನ್ ಹುಡುಕುವ ಶಕ್ತಿ ಕಡಿಮೆಯಿದ್ದ ಹಡಗುಗಳನ್ನು ಕಳಿಸಿದ್ದು ತಪ್ಪೆಂದು ಒಂದು ಪಕ್ಷ, ವೇಗ ತಗ್ಗಿಸಲು ಒಪ್ಪಿದ ಕ್ಯಾಪ್ಟನ್‌ರದೂ ಪಾಲಿದೆಯೆಂದು ಇನ್ನೊಂದು. ಬದುಕಿ ಬಂದವರ ಮಾತುಗಳನ್ನು ಆಧರಿಸಿ ಮೇಜರ್ ಜನರಲ್ ಇಯಾನ್ ಕಾರ್ಡೋಜೊ 2006ರಲ್ಲಿ ಪುಸ್ತಕ ಬರೆದ ಮೇಲೂ ವಾದ ತಣಿದಿಲ್ಲ. ನನಗಂತೂ, ಇದ್ದ ಬಡ ಸಲಕರಣೆಯಲ್ಲೇ ದಾರಿ ಹುಡುಕಿದವರಿಗಿಂತ, ಅಂಥ ಬಡತನದಲ್ಲಿ ಕಡಲಿಗೆ ಅಟ್ಟಿದ ವ್ಯವಸ್ಥೆಯ ಮೇಲೆಯೇ ಸಿಟ್ಟು.

ಡಿಸೆಂಬರ್ 9, ರಾತ್ರಿ ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹಂಗೋರ್ ಮೊದಲು ಕೃಪಾಣ್‌ಗೆ ಗುರಿಯಿಟ್ಟಿತು, ಆ ಟಾರ್ಪೆಡೊ ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷ, ಅಷ್ಟೇ. ಹಡಗು ಬಿಡಿ ಎಂಬ ಆಜ್ಞೆ ಕೊಟ್ಟ ಮುಲ್ಲಾ, ಕತ್ತಲಲ್ಲಿ ತಡಕಾಡುತ್ತಿದ್ದ ಹುಡುಗರನ್ನು ದಬ್ಬಿ ನೀರಿಗೆ ಇಳಿಸಿದರು, ತಮ್ಮ ಲೈಫ್‌ಜಾಕೆಟನ್ನು ನಾವಿಕನೊಬ್ಬನಿಗೆ ಕೊಟ್ಟರು. ನೀವೂ ಬನ್ನಿ ಸಾರ್ ಅಂದವರಿಗೆ ಅವರು ಕಿವಿಗೊಡಲಿಲ್ಲ. ಈಜುತ್ತ ಹಿಂತಿರುಗಿ ನೋಡಿದವರಿಗೆ ಕಂಡದ್ದು, ಬ್ರಿಜ್‌ನ ಕುರ್ಚಿಯಲ್ಲಿ ಕುಳಿತ ಕ್ಯಾಪ್ಟನ್. ಕೈಯಲ್ಲಿ ಸಿಗರೇಟು ಇತ್ತೆಂದೂ ಹೇಳುತ್ತಾರೆ. 18 ಅಧಿಕಾರಿಗಳು, 176 ನಾವಿಕರು ಹೋದರು. ಉಳಿದವರನ್ನು ಮರುದಿನ ಕಚ್ಚಲ್ ಹಡಗು ಎತ್ತಿಕೊಂಡಿತು.

ಮರಣೋತ್ತರ ಮಹಾವೀರ ಚಕ್ರದ ಒಕ್ಕಣೆ ಈ ಕೊನೆಯ ನಿಮಿಷಗಳಿಂದಲೇ ಮೂಡಿದ್ದು. ಹಡಗು ಗೆದ್ದದ್ದಕ್ಕೆ ಕೊಟ್ಟ ಪದಕವಲ್ಲ ಇದು, ಮುಳುಗುವ ಹಡಗಿನಲ್ಲಿ ನಾಯಕನೊಬ್ಬ ಹೇಗೆ ನಡೆದುಕೊಂಡ ಎಂಬುದಕ್ಕೆ ಕೊಟ್ಟದ್ದು. ಸೋನಾರ್‌ನ ಜಗಳಕ್ಕೆ ಅಲ್ಲಿ ಜಾಗವಿಲ್ಲ, ಪದಕದ ಕೆಲಸವೂ ಅದಲ್ಲ. ಅದೇ ರಾತ್ರಿಯ ಕೆಲಸಕ್ಕೆ ಹಂಗೋರ್‌ನ ಕಮಾಂಡರ್ ಅಹ್ಮದ್ ತಸ್ನೀಮ್ ಅವರಿಗೂ ಅವರ ದೇಶ ಸಿತಾರಾ-ಎ-ಜುರತ್ ಎಂಬ ಶೌರ್ಯ ಪದಕ ಕೊಟ್ಟಿತು.

ಇನ್ನೊಂದು ಕಿರಿಕಿರಿ ಹೇಳಿಬಿಡುತ್ತೇನೆ. ಮಹಾವೀರ ಚಕ್ರಕ್ಕೂ ಮೇಲಿನ ಪರಮವೀರ ಚಕ್ರವನ್ನು ಈವರೆಗೆ ಪಡೆದ 21 ಜನರಲ್ಲಿ ನೌಕಾಪಡೆಯವರು ಒಬ್ಬರೂ ಇಲ್ಲ. ಭೂಸೇನೆಗೆ 20, ವಾಯುಪಡೆಗೆ 1. ಕಡಲಿನ ಶೌರ್ಯವನ್ನು ಕಾಣಲು ದಡದಲ್ಲಿ ಯಾರೂ ನಿಂತಿರುವುದಿಲ್ಲ ಎಂಬುದೇ ಕಾರಣವಿರಬಹುದೆಂದು ನನ್ನ ಗುಮಾನಿ.

ದಿಯುವಿನ ಗುಡ್ಡದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಖುಕ್ರಿಯ ಮಾದರಿ ನಿಲ್ಲಿಸಿದ್ದು 1999ರಲ್ಲಿ. ಅಷ್ಟರಲ್ಲಾಗಲೇ ಅದೇ ಹೆಸರಿನ, ಮುಂಬಯಿಯಲ್ಲೇ ಕಟ್ಟಿದ ಕಾರ್ವೆಟ್ ಕಡಲಿಗಿಳಿದಿತ್ತು. 32 ವರ್ಷ ದುಡಿದು 2021ರಲ್ಲಿ ನಿವೃತ್ತಿಯಾದ ಅದನ್ನೂ ದಿಯು ಆಡಳಿತಕ್ಕೆ ಒಪ್ಪಿಸಿದರು. ಹಂಗೋರ್ ಕರಾಚಿಯ ನೌಕಾ ವಸ್ತುಸಂಗ್ರಹಾಲಯದಲ್ಲಿದೆ, ಟಿಕೆಟ್ ಕೊಂಡವರು ಒಳಹೊಕ್ಕು ನೋಡಬಹುದು.