ಬೆಂಚು ತಪ್ಪಿದವರಿಗೆ ಕುರ್ಚಿ ಎಲ್ಲಿಂದ?

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟರೆ ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುವ ಊರು ಕಡಕೊಳ. ಚಾಮರಾಜನಗರದ ರೈಲು ಹಾದುಹೋಗುವ ನಿಲ್ದಾಣವಿದೆ, ಸುತ್ತ ಕೈಗಾರಿಕಾ ಪ್ರದೇಶವಿದೆ, ಪಾಳಿ ಮುಗಿಸಿ ಬರುವ ಕಾರ್ಮಿಕರಿಗೆ ಬಾಡಿಗೆ ಮನೆಗಳಿವೆ. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದಿದೆ. ಇಂಥ ಊರಿನ ಸರ್ಕಾರಿ ಶಾಲೆಗೆ ನಾಳೆ ಬೆಳಿಗ್ಗೆ ಟ್ರಾನ್ಸ್‌ಜೆಂಡರ್ ಶಿಕ್ಷಕಿಯೊಬ್ಬರು ನೇಮಕಾತಿ ಆದೇಶ ಹಿಡಿದು ಬಂದರೆ ಅವರನ್ನು ಹೇಗೆ ಬರಮಾಡಿಕೊಳ್ಳುತ್ತೇವೆ? ಕರ್ನಾಟಕದಲ್ಲಿ ಇದು ಬರೀ ಊಹೆಯ ಪ್ರಶ್ನೆಯಾಗಿ ಉಳಿದಿಲ್ಲ.

2021ರ ಜುಲೈನಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ತಾನಾಗಿ ಕೊಟ್ಟದ್ದಲ್ಲ. ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಕಲಮುಗಳಿದ್ದುದನ್ನು ಪ್ರಶ್ನಿಸಿ ಲೈಂಗಿಕ ಅಲ್ಪಸಂಖ್ಯಾತರ ಪರ ದುಡಿಯುವ ‘ಸಂಗಮ’ ಸಂಸ್ಥೆ ಹೈಕೋರ್ಟಿಗೆ ಹೋಗಿತ್ತು, ಆ ಹೋರಾಟದ ಫಲ ಅದು. ಮರುವರ್ಷವೇ 6ರಿಂದ 8ನೇ ತರಗತಿಗಳಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆಯಿತು. ಶೇ 1 ಎಂದರೆ 150 ಹುದ್ದೆ. 2022ರ ನವೆಂಬರಿನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಬಿದ್ದಾಗ ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಮೂವರಿದ್ದರು.

ಪತ್ರಿಕೆಗಳು ಆ ಮೂವರನ್ನು ಸಂಭ್ರಮದಿಂದ ಬರಮಾಡಿಕೊಂಡವು, ಸಂಭ್ರಮಿಸಬೇಕಾದದ್ದೇ. ನನ್ನನ್ನು ಕಾಡುವುದು ಉಳಿದ 147 ಹುದ್ದೆ. ಅರ್ಜಿ ಹಾಕಿದವರೇ ಬೆರಳೆಣಿಕೆಯಷ್ಟು ಜನ. ಅರ್ಹ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಅದೇ ಮೀಸಲಾತಿ ವರ್ಗದ ಗಂಡು ಅಥವಾ ಹೆಣ್ಣು ಅಭ್ಯರ್ಥಿಗೆ ಹೋಗುತ್ತದೆ ಎಂದು ನಿಯಮವೇ ಹೇಳುತ್ತದೆ. ಮುಂದಿನ ಸಲಕ್ಕೆಂದು ಕಾದಿಡುವುದಿಲ್ಲ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ಬರೆಸಿದವರು ಈ ರಾಜ್ಯದಲ್ಲಿ 20,266 ಮಂದಿ. ಬರೆಸದವರು ಇನ್ನೆಷ್ಟೋ. ಇಷ್ಟು ಜನರಲ್ಲಿ ಮೇಷ್ಟ್ರಾಗುವ ಆಸೆ ಯಾರಿಗೂ ಇರಲಿಲ್ಲವೇ?

ಇತ್ತು. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ, ಬಿ.ಇಡಿ., ಟಿಇಟಿ, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆ, ಇಷ್ಟನ್ನೂ ದಾಟಿ ಬರುವ ಮೊದಲು ಎಂಟನೇ ಕ್ಲಾಸನ್ನು ದಾಟಬೇಕು. ಬಹಳ ಮಕ್ಕಳು ಅಲ್ಲೇ ಉದುರಿಹೋಗುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಸೀರೆ ಉಟ್ಟು ದ್ರೌಪದಿಯ ಪಾತ್ರ ಮಾಡಿದ ಹುಡುಗನಿಗೆ ಊರೇ ಚಪ್ಪಾಳೆ ಹೊಡೆಯುತ್ತದೆ. ಮಾರನೆಯ ದಿನ ಅದೇ ಹುಡುಗ ಸೊಂಟ ಬಳುಕಿಸಿ ನಡೆದರೆ ‘ಹೆಣ್ಣಿಗ’ ಎನ್ನುವ ಕೂಗು. ಮಗ್ಗಿ ಒಪ್ಪಿಸುವಾಗ ‘ಒಂಬತ್ತು’ ಬಂದರೆ ಇಡೀ ತರಗತಿ ಅವನ ಕಡೆ ತಿರುಗಿ ಕಿಸಕ್ಕೆನ್ನುತ್ತದೆ. ಮೇಷ್ಟ್ರಿಗೂ ನಗು ತಡೆಯಲಾಗುವುದಿಲ್ಲ. ಮಕ್ಕಳ ನಗುವನ್ನು ಆ ಹುಡುಗ ಹೇಗೋ ಸಹಿಸಿಯಾನು, ಮೇಷ್ಟ್ರ ನಗುವನ್ನು ಸಹಿಸುವುದು ಕಷ್ಟ. ಗಂಡುಮಕ್ಕಳ ಶೌಚಾಲಯಕ್ಕೆ ಹೋಗಲು ಭಯ, ಹೆಣ್ಣುಮಕ್ಕಳದಕ್ಕೆ ಹೋಗುವಂತಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತದೆ ಮಗು. ಹಾಜರಾತಿಯಲ್ಲಿ ‘ಗೈ.ಹಾ.’ ಹೆಚ್ಚುತ್ತಾ ಹೋಗಿ ಒಂದು ದಿನ ಹೆಸರೇ ಕೈಬಿಟ್ಟುಹೋಗುತ್ತದೆ. ಈ ಮಗುವಿಗೆ ಎಂಟನೇ ಕ್ಲಾಸಿನ ಬೆಂಚನ್ನು ಉಳಿಸಿಕೊಡದ ವ್ಯವಸ್ಥೆಯೇ ಹತ್ತು ವರ್ಷದ ಮೇಲೆ ‘ಅರ್ಹ ಅಭ್ಯರ್ಥಿ ಲಭ್ಯವಿಲ್ಲ’ ಎಂದು ಷರಾ ಬರೆಯುತ್ತದೆ.

ಗಂಡು ಹೆಣ್ಣಾಗಿ, ಹೆಣ್ಣು ಗಂಡಾಗಿ ವೇಷ ಕಟ್ಟುವುದು ನಮಗೆ ಹೊಸದಲ್ಲ. ಮೈಸೂರಿನವರೇ ಆದ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಾಗಿ ಗದೆ ಹಿಡಿದು ನಿಂತಾಗ ಈ ಸೀಮೆ ತಲೆದೂಗಿತು, ಪದ್ಮಶ್ರೀಯೂ ಬಂತು. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಅವರಿಗೂ ಪದ್ಮಶ್ರೀ ಸಂದಿತು. ರಂಗದ ಮೇಲೆ, ಪೂಜೆಯ ಜಾಗದಲ್ಲಿ ನಾವು ಕೈಮುಗಿಯುತ್ತೇವೆ. ಸಿಬ್ಬಂದಿ ಕೊಠಡಿಯಲ್ಲಿ ಪಕ್ಕದ ಕುರ್ಚಿ ಬಿಟ್ಟುಕೊಡುವಾಗ ಮಾತ್ರ ಹಿಂದೆಮುಂದೆ ನೋಡುತ್ತೇವೆ.

ಕುರ್ಚಿ ಸಿಕ್ಕವರೂ ಇದ್ದಾರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದಿದ ಟ್ರಾನ್ಸ್‌ಜೆಂಡರ್ ಮಹಿಳೆ ರೇಣುಕಾ ಪೂಜಾರಿ 2024ರಲ್ಲಿ ಅದೇ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದರು. ತಾನು ವಿದ್ಯಾರ್ಥಿನಿಯಾಗಿ ಕೂತ ಕಡೆಯೇ ಪಾಠ ಹೇಳಲು ನಿಂತದ್ದು ದೊಡ್ಡ ಮಾತು. 

ಕುರ್ಚಿ ಕಿತ್ತುಕೊಂಡ ಕಥೆಯೂ ಇದೆ. ಜೇನ್ ಕೌಶಿಕ್ ಎಂಬ ಟ್ರಾನ್ಸ್ ಶಿಕ್ಷಕಿ ಉತ್ತರ ಪ್ರದೇಶದಲ್ಲಿ ಒಂದು, ಗುಜರಾತಿನಲ್ಲಿ ಒಂದು, ಹೀಗೆ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2025ರ ಅಕ್ಟೋಬರ್ 17ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಅವರಿಗೆ ಪರಿಹಾರ ಕೊಡಿಸಿತು. ಕಾನೂನು ಮಾಡಿಟ್ಟು ಅದನ್ನು ಜಾರಿಗೆ ತರದೆ ಕೈಕಟ್ಟಿ ಕೂರುವುದೂ ತಾರತಮ್ಯವೇ ಎಂದು ಸರ್ಕಾರಗಳಿಗೆ ಹೇಳಿತು. ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ನಮ್ಮ ರಾಜ್ಯದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅದರಲ್ಲಿ ಸದಸ್ಯೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯಲ್ಲಿ ಇವೆಲ್ಲ ಮೊದಲೇ ಇದ್ದವು: ಕೆಲಸದಲ್ಲಿ ತಾರತಮ್ಯ ಕೂಡದು, ಪ್ರತಿ ಸಂಸ್ಥೆಯಲ್ಲೂ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಎಲ್ಲರನ್ನೂ ಒಳಗೊಂಡೇ ಕಲಿಸಬೇಕು. ನಿಮ್ಮೂರಿನ ಶಾಲೆಯಲ್ಲಿ ಆ ದೂರು ಅಧಿಕಾರಿ ಯಾರು ಎಂದು ಕೇಳಿ ನೋಡಿ.

ಇಷ್ಟಾದರೂ ಇದು ಟ್ರಾನ್ಸ್‌ಜೆಂಡರ್ ಶಿಕ್ಷಕರ ಮಾತು. ಸಲಿಂಗಿ ಶಿಕ್ಷಕ, ಶಿಕ್ಷಕಿಯರಿಗೆ ಮೀಸಲಾತಿಯ ಕಲಮಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಅವರು ನಮ್ಮ ಶಾಲೆಗಳಲ್ಲಿ ಈಗಾಗಲೇ ಇದ್ದಾರೆ, ಬಾಯಿ ಮುಚ್ಚಿಕೊಂಡು. ‘ಯಾಕೆ ಮೇಡಂ, ಇನ್ನೂ ಮದುವೆ ಆಗಿಲ್ವಾ?’ ಎಂಬ ಪ್ರಶ್ನೆಗೆ ವರ್ಷಕ್ಕೊಂದು ಉತ್ತರ ಹೊಂದಿಸಿಕೊಳ್ಳುತ್ತಾ, ಒಂದೇ ಮನೆಯಲ್ಲಿರುವ ಸಂಗಾತಿಯನ್ನು ದೂರದ ಸಂಬಂಧಿ ಎನ್ನುತ್ತಾ ದಿನ ತಳ್ಳುತ್ತಾರೆ. ಆ ಭಯಕ್ಕೆ ಕಾರಣವಿದೆ. ಅಲೀಗಡ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ರಾಮಚಂದ್ರ ಸಿರಸ್ ಅವರ ಮನೆಗೆ 2010ರ ಫೆಬ್ರುವರಿಯಲ್ಲಿ ಕ್ಯಾಮೆರಾ ಹಿಡಿದವರು ನುಗ್ಗಿದರು. ನುಗ್ಗಿದವರ ಬದಲು, ಸಲಿಂಗ ಸಂಬಂಧದ ಕಾರಣಕ್ಕೆ ಮೇಷ್ಟ್ರನ್ನೇ ಅಮಾನತು ಮಾಡಿ, ಕ್ವಾರ್ಟರ್ಸ್ ಖಾಲಿ ಮಾಡಿ ಎಂದಿತು ಆಡಳಿತ. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ವಾರ ಕಳೆಯುವುದರೊಳಗೆ ಅವರು ಬಾಡಿಗೆ ಮನೆಯಲ್ಲಿ ಹೆಣವಾಗಿ ಸಿಕ್ಕರು. ಕೋರ್ಟಿನಲ್ಲಿ ಗೆದ್ದ ಮೇಷ್ಟ್ರು ಕ್ಲಾಸಿಗೆ ಮರಳಲೇ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬಂದರೂ ಸಿಬ್ಬಂದಿ ಕೊಠಡಿಯ ಮಾತುಕತೆ ಹೆಚ್ಚೇನೂ ಬದಲಾಗಿಲ್ಲ.

ಹೇಳದಂತೆ ತಡೆಯುವುದರಿಂದ ಯಾರಿಗೂ ಲಾಭವಾಗಿಲ್ಲ. ಬ್ರಿಟನ್ನಿನಲ್ಲಿ 1988ರಲ್ಲಿ ‘ಸೆಕ್ಷನ್ 28’ ಎಂಬ ಕಾನೂನು ಬಂದು, ಸಲಿಂಗ ಪ್ರೇಮದ ಬಗ್ಗೆ ಶಾಲೆಗಳಲ್ಲಿ ಮಾತೆತ್ತಲೂ ಶಿಕ್ಷಕರು ಹೆದರಿದರು. ಪೀಡನೆಗೊಳಗಾದ ಮಗುವಿಗೆ ಸಮಾಧಾನ ಹೇಳುವುದಕ್ಕೂ ಹೆದರಿದರು. ಇಂಗ್ಲೆಂಡಿನಲ್ಲಿ ಅದು ರದ್ದಾದದ್ದು 2003ರಲ್ಲಿ. ನಮ್ಮಲ್ಲಿ ಎನ್‌ಸಿಇಆರ್‌ಟಿ 2021ರಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಒಳಗೊಳ್ಳಬೇಕು ಎಂದು ಶಿಕ್ಷಕರಿಗಾಗಿ ಕೈಪಿಡಿ ತಂದಿತು. ಆಕ್ಷೇಪ ಬಂದದ್ದೇ ತಡ, ಕೆಲವೇ ದಿನಗಳಲ್ಲಿ ಅದನ್ನು ಜಾಲತಾಣದಿಂದ ತೆಗೆದುಹಾಕಿತು. ಅದೇ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನಲ್ಲಿ 1963ರಿಂದ ಇದೆ. ದಕ್ಷಿಣದ ರಾಜ್ಯಗಳ ಶಿಕ್ಷಕರನ್ನು ತಯಾರು ಮಾಡುವ ಮನೆ ಅದು. ವಸಂತಮಹಲಿನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಲೈಂಗಿಕ ಕಾರ್ಯಕರ್ತೆಯರು, ಟ್ರಾನ್ಸ್‌ಜೆಂಡರ್ ಸಮುದಾಯದವರು ತಾವೇ ಕಟ್ಟಿಕೊಂಡ ‘ಆಶೋದಯ’ ಸಮಿತಿಯೂ ಇದೇ ಊರಿನದು. ಕಲಿಸುವವರು, ಬದುಕಿ ಬಲ್ಲವರು ಒಂದೇ ನಗರದಲ್ಲಿದ್ದಾರೆ. ಬಿ.ಇಡಿ. ವಿದ್ಯಾರ್ಥಿಗಳು ಒಂದು ಮಧ್ಯಾಹ್ನ ಆ ಸಮುದಾಯದವರ ಎದುರು ಕೂತು ಅವರ ಶಾಲೆಯ ದಿನಗಳ ಬಗ್ಗೆ ಕೇಳಿದರೆ, ಯಾವ ಕೈಪಿಡಿಯೂ ಕಲಿಸದ್ದನ್ನು ಕಲಿತಾರು. ಇದಕ್ಕೆ ದಿಲ್ಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.

ಕಡಕೊಳದಂಥ ಊರಿನ ಮುಖ್ಯ ಶಿಕ್ಷಕರ ಕೈಯಲ್ಲಿ ಏನಿದೆ ಎಂದರೆ, ಬಹಳ ಇದೆ. ಹೊಸ ಶಿಕ್ಷಕಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರಿರಬಹುದು, ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪ್ರಮಾಣಪತ್ರದಲ್ಲಿ ಈಗಿನ ಹೆಸರಿರುತ್ತದೆ. ಕಡತದಲ್ಲಿ ಎರಡೂ ಇರಲಿ, ಹಾಜರಿ ಪುಸ್ತಕದಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಬಿಸಿಯೂಟದ ಪಡಸಾಲೆಯಲ್ಲಿ ಈಗಿನದು ಮಾತ್ರ. ಜನನ ಪ್ರಮಾಣಪತ್ರದಲ್ಲೂ ಹೆಸರು, ಲಿಂಗ ಬದಲಿಸಿಕೊಡಬೇಕು ಎಂದು ನಮ್ಮ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ, ಹಾಗಾಗಿ ಗುಮಾಸ್ತರು ಗೊಣಗಲು ಕಾರಣವಿಲ್ಲ. ಮೊದಲ ದಿನವೇ ಎಲ್ಲರೆದುರು ನಿಲ್ಲಿಸಿ ‘ನಿಮ್ಮ ಕಥೆ ಹೇಳಿ’ ಎನ್ನುವುದು ಬೇಡ. ಆಕೆ ಬಂದದ್ದು ಗಣಿತವನ್ನೋ ಸಮಾಜವನ್ನೋ ಕಲಿಸಲು. ಪೋಷಕರೊಬ್ಬರು ಬಂದು ‘ಅವರ ಕ್ಲಾಸಿಗೆ ನನ್ನ ಮಗನನ್ನ ಕಳಿಸಲ್ಲ’ ಎಂದರೆ, ಉತ್ತರಿಸಬೇಕಾದವರು ಆ ಶಿಕ್ಷಕಿಯಲ್ಲ. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಬಿಇಒ. ಅವರು ಮೊದಲೇ ಕೂತು ಒಂದು ಮಾತಾಡಿಟ್ಟುಕೊಂಡಿದ್ದರೆ ಆ ದಿನ ತಡವರಿಸುವ ಪ್ರಸಂಗ ಬಾರದು.

ಎಲ್ಲಕ್ಕಿಂತ ಮೊದಲು ಮನೆ. ವರ್ಗಾವಣೆಯಾಗಿ ಬಂದ ಬೇರೆ ಶಿಕ್ಷಕಿಗೆ ಎರಡು ದಿನದಲ್ಲಿ ಸಿಗುವ ಬಾಡಿಗೆ ಮನೆ ಇವರಿಗೆ ತಿಂಗಳಾದರೂ ಸಿಗುವುದಿಲ್ಲ. ಸಿಕ್ಕರೂ ಮುಂಗಡ ದುಪ್ಪಟ್ಟು. ಮೈಸೂರಿನಿಂದ ಬಸ್ಸಿನಲ್ಲಿ ಓಡಾಡಿ, ದಾರಿಯುದ್ದಕ್ಕೂ ಕೆಕ್ಕರಿಸುವ ಕಣ್ಣುಗಳನ್ನು ದಾಟಿ, ದಿನಾ ಸೋತು ಬರುವ ಶಿಕ್ಷಕಿ ಎಷ್ಟು ದಿನ ನಿಂತಾರು? ಊರಿನಲ್ಲಿ ಬಾಡಿಗೆ ಮನೆಗಳಿರುವುದು ಎಸ್‌ಡಿಎಂಸಿ ಸದಸ್ಯರಿಗೆ ಗೊತ್ತು, ಎಷ್ಟೋ ಕಡೆ ಅವರವೇ ಇರುತ್ತವೆ. ನೇಮಕಾತಿ ಆದೇಶ ಬಂದ ವಾರವೇ ಮುಖ್ಯ ಶಿಕ್ಷಕರು ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ‘ನಮ್ಮ ಶಾಲೆಗೆ ಹೊಸ ಟೀಚರ್ ಬರ್ತಿದ್ದಾರೆ, ಮನೆ ಬೇಕು’ ಎಂದು ಕೇಳಲಿ.